ಎಪ್ಪತ್ತೆರಡು ಮೇಳಗಳ ಗಣಿತ

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. ಅಲ್ಲಿಯ ಮೂಲವಿಗ್ರಹದ ಬಲಭಾಗ ಶಿವ, ಎಡಭಾಗ ವಿಷ್ಣು. ಎರಡು ಅರ್ಧಗಳು ಕೂಡಿ ಒಂದೇ ಮೂರ್ತಿಯಾದ ಈ ಬಗೆ ನನಗೆ ಕರ್ಣಾಟಕ ಸಂಗೀತದ ಮೇಳಪದ್ಧತಿಯನ್ನು ನೆನಪಿಗೆ ತರುತ್ತದೆ. ಹೋಲಿಕೆ ನನ್ನದೇ ಹೊರತು ಶಾಸ್ತ್ರಕಾರರದಲ್ಲ.

ಮೇಳಕ್ಕೂ ಪೂರ್ವಾಂಗ, ಉತ್ತರಾಂಗಗಳೆಂಬ ಎರಡು ಅರ್ಧಗಳುಂಟು. ಷಡ್ಜ-ಪಂಚಮಗಳು ಅಚಲ. ಷಡ್ಜ-ಮಧ್ಯಮಗಳ ನಡುವೆ ನಾಲ್ಕು ಸ್ವರಸ್ಥಾನಗಳಿವೆ. ಅವುಗಳಲ್ಲಿ ಎರಡನ್ನು ಆಯ್ದು, ಕೆಳಗಿನದನ್ನು ರಿಷಭವೆಂದೂ ಮೇಲಿನದನ್ನು ಗಾಂಧಾರವೆಂದೂ ಕರೆಯಬೇಕು. ಇಂತಹ ಆಯ್ಕೆಗಳು ಎಷ್ಟು?

ಈ ಬಗೆಯ ಪ್ರಶ್ನೆಗೆ ಉತ್ತರಿಸುವ ಸಾಮಾನ್ಯ ಸೂತ್ರವನ್ನು ಕನ್ನಡ ನಾಡಿನ ಜೈನ ಗಣಿತಜ್ಞ ಮಹಾವೀರಾಚಾರ್ಯನು ಒಂಬತ್ತನೆಯ ಶತಮಾನದಲ್ಲಿಯೇ ಕೊಟ್ಟಿದ್ದಾನೆ. ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ ಅವನ ‘ಗಣಿತಸಾರಸಂಗ್ರಹ’ದ ಮಿಶ್ರಕವ್ಯವಹಾರದಲ್ಲಿ ಅದು ಬರುತ್ತದೆ. ಒಂದರಿಂದ ಮೊದಲಾದ ಸಂಖ್ಯೆಗಳನ್ನು ಕೆಳಗೆ ಕ್ರಮವಾಗಿಯೂ ಮೇಲೆ ವ್ಯುತ್ಕ್ರಮವಾಗಿಯೂ ಬರೆದು, ಬೇಕಾದಷ್ಟು ಸ್ಥಾನಗಳ ಮೇಲಿನ ಗುಣಲಬ್ಧವನ್ನು ಕೆಳಗಿನದರಿಂದ ಭಾಗಿಸಬೇಕು. ಅವನು ಕೊಡುವ ಉದಾಹರಣೆ ಷಡ್ರಸಗಳ ಮಿಶ್ರಣಗಳದು. ನಾವು ರಸಗಳ ಜಾಗದಲ್ಲಿ ಸ್ವರಗಳನ್ನಿಟ್ಟರೆ ನಾಲ್ಕರಲ್ಲಿ ಎರಡನ್ನಾಯುವ ಬಗೆಗಳು 4×3ನ್ನು 1×2ರಿಂದ ಭಾಗಿಸಿದಷ್ಟು, ಅಂದರೆ 6. ಧೈವತ-ನಿಷಾದಗಳಿಗೂ ಅಷ್ಟೇ. ಆರನ್ನು ಆರರಿಂದ ಗುಣಿಸಿದರೆ 36; ಮಧ್ಯಮಗಳು ಎರಡಾದುದರಿಂದ 72.

ಕನ್ನಡ ಮೂಲದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿಯು ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ರಚಿಸಿದ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ ಈ 72ನ್ನು ಸ್ಥಾಪಿಸಿದನು. ಇದಕ್ಕಿಂತ ಹೆಚ್ಚು ಕಡಿಮೆ ಮಾಡುವುದು ಶಿವನಿಗೂ ಆಗದೆಂಬ ಅವನ ಗರ್ವೋಕ್ತಿ ಪ್ರಸಿದ್ಧ. ಅವನು ಮಹಾವೀರನನ್ನು ಓದಿದ್ದನೆಂದು ನಾನು ವಾದಿಸುತ್ತಿಲ್ಲ. ಛಂದಸ್ಸಿನ ಪ್ರಸ್ತಾರದಿಂದ ಬಂದ ಎಣಿಕೆಯ ಅಭ್ಯಾಸ ನಮ್ಮ ಶಾಸ್ತ್ರಗಳಿಗೆಲ್ಲ ಸಾಮಾನ್ಯ ಸೊತ್ತು.

ಗಮನಿಸಬೇಕಾದುದು ಬೇರೊಂದು ಸಂಗತಿ. 72ನ್ನು ಎಣಿಸಿದ ವೆಂಕಟಮಖಿ ತನ್ನ ಕಾಲದವೆಂದು ವಿವರಿಸಿದ ಮೇಳಗಳು ಕೇವಲ 19. ಉಳಿದವು ವ್ಯರ್ಥವಲ್ಲವೇ ಎಂಬ ಆಕ್ಷೇಪವನ್ನು ತಾನೇ ಎತ್ತಿ, ಇತರ ದೇಶಗಳ ರಾಗಗಳಿಗೂ ಮುಂದೆ ಹುಟ್ಟಬಹುದಾದವುಗಳಿಗೂ ಎಡೆಯಿರಲೆಂದು ಸಮಾಧಾನ ಹೇಳಿದನು. ಗಣಿತವು ಸಂಗೀತಕ್ಕಿಂತ ಮುಂದೆ ಹೋಗಿ ಕಾದು ನಿಂತಿತ್ತು! ಹತ್ತೊಂಬತ್ತನೆಯ ಶತಮಾನದಲ್ಲಿ ಮಹಾವೈದ್ಯನಾಥ ಅಯ್ಯರ್ 72 ಮೇಳಗಳಿಗೂ ಒಂದು ರಾಗಮಾಲಿಕೆಯನ್ನೇ ಹೆಣೆದರು.

ಆದರೆ ಶುದ್ಧ ರಿಷಭ-ಶುದ್ಧ ಗಾಂಧಾರಗಳಂತಹ ವಿವಾದಿ ಜೋಡಿಗಳನ್ನು ಬಿಟ್ಟರೆ ಪ್ರತಿ ಅಂಗದಲ್ಲಿ ಉಳಿಯುವುದು ನಾಲ್ಕೇ. ಆಗ ಮೇಳಗಳು 32. ಭಾತಖಂಡೆಯವರ ಹತ್ತು ಥಾಟುಗಳೂ ಈ 32ರೊಳಗಿನವೇ. ಸೂತ್ರ ಸಮ್ಮತಿಸಿದುದನ್ನೆಲ್ಲ ಕಿವಿ ಒಪ್ಪುವುದಿಲ್ಲ.

ಕೋಷ್ಟಕವನ್ನು ಬಾಯಿಪಾಠ ಮಾಡಿದವನು ರಾಗವನ್ನು ತಿಳಿದನೆಂಬ ಭ್ರಮೆ ನಮ್ಮ ಪಾಠಕ್ರಮಗಳಲ್ಲಿ ಬೆಳೆದಿರುವುದರಿಂದ ಇಷ್ಟು ಹೇಳಬೇಕಾಯಿತು. ಹಿಂದುಸ್ತಾನಿಯ ಭೂಪಾಲಿ, ದೇಶಕಾರಗಳೆರಡರಲ್ಲಿಯೂ ಸ, ರಿ, ಗ, ಪ, ಧ ಎಂಬ ಅವೇ ಐದು ಸ್ವರಗಳು. ಒಂದು ಗಾಂಧಾರದ ಮೇಲೆ ನೆಲೆ ನಿಂತರೆ ಇನ್ನೊಂದು ಧೈವತದ ಮೇಲೆ. ಎಣಿಸುವವನ ಪಟ್ಟಿಯಲ್ಲಿ ಅವು ಒಂದೇ. ಹಾಡುವವನು ಮೊದಲ ಸಂಚಾರದಲ್ಲಿಯೇ ಅವನ್ನು ಬೇರ್ಪಡಿಸುತ್ತಾನೆ.