ಲಾರಿ ಕನಿಂಗ್‌ಹ್ಯಾಮ್: ಲೇಟನ್‌ನಿಂದ ಮಡ್ರಿಡ್‌ಗೆ

ಪೂರ್ವ ಲಂಡನ್ನಿನ ಲೇಟನ್‌ನಲ್ಲಿ, ಓರಿಯಂಟ್ ಫುಟ್‌ಬಾಲ್ ಕ್ಲಬ್ಬಿನ ಬ್ರಿಸ್ಬೇನ್ ರೋಡ್ ಮೈದಾನದ ಹತ್ತಿರ, ಕಾರೊನೇಷನ್ ಗಾರ್ಡನ್ಸ್ ಎಂಬ ಉದ್ಯಾನವಿದೆ. 2017ರಲ್ಲಿ ಅಲ್ಲೊಂದು ಪ್ರತಿಮೆ ನಿಲ್ಲಿಸಿದರು. ಅದು ಲಾರಿ ಕನಿಂಗ್‌ಹ್ಯಾಮ್‌ನದು. (ಹೆಸರು ಕೇಳಿ ನಗಬೇಡಿ, ಇವನ ಓಟಕ್ಕೂ ನಮ್ಮೂರ ಲಾರಿಗಳಿಗೂ ಸಂಬಂಧವಿಲ್ಲ!) ಇಲ್ಲಿಂದ ಕೆಲವೇ ಮೈಲಿ ದೂರದ ಇಲ್ಫರ್ಡ್‌ನಲ್ಲಿ 1948ರ ಒಲಿಂಪಿಕ್ಸ್ ವೇಳೆ ಬೆಂಗಳೂರಿನ ರಾಮನ್ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದದ್ದು ಬೇರೆಯೇ ಕತೆ, ಇನ್ನೊಮ್ಮೆ ಹೇಳೋಣ. ಲಾರಿಯ ಕತೆ ವಲಸೆ ಬಂದವರ ಮಕ್ಕಳದು, ಹಾಗಾಗಿ ನಮಗೂ ಸೇರಿದ್ದು.

ಜಮೈಕಾದಿಂದ ಬಂದ ದಂಪತಿಗಳ ಮಗನಾಗಿ 1956ರ ಮಾರ್ಚ್ 8ರಂದು ಉತ್ತರ ಲಂಡನ್ನಿನಲ್ಲಿ ಹುಟ್ಟಿದ. ಹುಡುಗನಾಗಿದ್ದಾಗಲೇ ಆರ್ಸೆನಲ್ ಸೇರಿದ್ದ, ಆದರೆ ಅವರು ಕೈಬಿಟ್ಟರು. ಓರಿಯಂಟ್‌ನ ಮ್ಯಾನೇಜರ್ ಜಾರ್ಜ್ ಪೆಚೀ 1974ರಲ್ಲಿ ಕರೆದುಕೊಂಡರು. ಲಾರಿಗೆ ಫುಟ್‌ಬಾಲಿನಷ್ಟೇ ನೃತ್ಯದ ಹುಚ್ಚು. ಅಭ್ಯಾಸಕ್ಕೆ ತಡವಾಗಿ ಬರುತ್ತಿದ್ದ, ದಂಡ ಬೀಳುತ್ತಿತ್ತು. ಆ ದಂಡವನ್ನು ನೃತ್ಯಸ್ಪರ್ಧೆಯಲ್ಲಿ ಗೆದ್ದ ಹಣದಿಂದ ಕಟ್ಟುತ್ತಿದ್ದನೆಂದು ಹೇಳುತ್ತಾರೆ. ವಿಂಗರ್ ಎಂದರೆ ಮೈದಾನದ ಅಂಚಿನಲ್ಲಿ ಚೆಂಡು ಹಿಡಿದು ಓಡಿ ಎದುರಾಳಿಯನ್ನು ಏಮಾರಿಸುವವನು. ಸೊಂಟ ಬಳುಕಿಸಿ ನುಸುಳುವ ಆ ಕೆಲಸಕ್ಕೆ ಕುಣಿಯುವ ಕಾಲುಗಳೇ ಬೇಕಿದ್ದವೇನೋ.

1977ರಲ್ಲಿ ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್ ಅವನನ್ನು ಕೊಂಡಿತು. ಅದೇ ಏಪ್ರಿಲ್‌ನಲ್ಲಿ 21ರೊಳಗಿನವರ ಇಂಗ್ಲೆಂಡ್ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರನಾಗಿ ಸ್ಕಾಟ್‌ಲೆಂಡ್ ವಿರುದ್ಧ ಗೋಲು ಹೊಡೆದ. ನ್ಯಾಷನಲ್ ಫ್ರಂಟ್‌ನವರು ಮೈದಾನಗಳ ಹೊರಗೆ ಪತ್ರಿಕೆ ಮಾರುತ್ತಿದ್ದ ಕಾಲವದು. ಪ್ರೇಕ್ಷಕರ ಸಾಲಿನಿಂದ ಮಂಗನ ಕೂಗು ಕೇಳುತ್ತಿತ್ತು, ಬಾಳೆಹಣ್ಣು ಬಂದು ಬೀಳುತ್ತಿದ್ದವು. ಲಾರಿ, ಸಿರಿಲ್ ರೀಜಿಸ್, ಬ್ರೆಂಡನ್ ಬ್ಯಾಟ್ಸನ್ ಮೂವರಿಗೂ ಸೇರಿಸಿ ಮ್ಯಾನೇಜರ್ ರಾನ್ ಅಟ್ಕಿನ್ಸನ್ ‘ತ್ರೀ ಡಿಗ್ರೀಸ್’ ಎಂದು ಹೆಸರಿಟ್ಟರು. ಅದೊಂದು ಅಮೆರಿಕನ್ ಗಾಯಕಿಯರ ತಂಡದ ಹೆಸರು. ಅಕ್ಕರೆಯಿಂದಲೇ ಇಟ್ಟಿರಬಹುದು, ಆದರೂ ಮೂವರನ್ನು ಬಣ್ಣದ ಒಂದೇ ಗಂಟಿನಲ್ಲಿ ಕಟ್ಟಿದ ಹಾಗಾಯಿತು. 1978ರ ಡಿಸೆಂಬರ್ 30ರಂದು ಇದೇ ತಂಡ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಅವರ ಮೈದಾನದಲ್ಲೇ 5-3ರಿಂದ ಸೋಲಿಸಿತು.

1979ರಲ್ಲಿ ರಿಯಲ್ ಮಡ್ರಿಡ್ 9,50,000 ಪೌಂಡ್ ಕೊಟ್ಟು ಲಾರಿಯನ್ನು ಕರೆಸಿಕೊಂಡಿತು. ಆ ಕ್ಲಬ್ ಕೊಂಡ ಮೊದಲ ಇಂಗ್ಲಿಷ್ ಆಟಗಾರ ಇವನೇ. ಮೊದಲ ವರ್ಷವೇ ಲೀಗ್, ಕಪ್ ಎರಡೂ ಮಡ್ರಿಡ್ ಪಾಲಾದವು. 1980ರ ಫೆಬ್ರವರಿಯಲ್ಲಿ ಬದ್ಧವೈರಿ ಬಾರ್ಸಿಲೋನಾದ ಅಂಗಳದಲ್ಲಿ ಅವನಾಡಿದ ಆಟಕ್ಕೆ ಅಲ್ಲಿನ ಪ್ರೇಕ್ಷಕರೇ ಚಪ್ಪಾಳೆ ತಟ್ಟಿದರು. ಮೋಹನ್ ಬಗಾನ್ ಆಟಗಾರನಿಗೆ ಈಸ್ಟ್ ಬೆಂಗಾಲಿನವರು ಎದ್ದು ಕೈಮುಗಿದಂತೆ ಅನ್ನಿ!

ಅದೇ ವರ್ಷ ಕಾಲ್ಬೆರಳು ಮುರಿಯಿತು. ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ಡಿಸ್ಕೋಗೆ ಹೋದನೆಂದು ಕ್ಲಬ್ ದಂಡ ಹಾಕಿತು. ಪ್ರತಿಭೆಯನ್ನು ಹಾಳುಮಾಡಿಕೊಂಡವನು ಎಂಬ ಹಣೆಪಟ್ಟಿಗೆ ಈ ಪ್ರಸಂಗವನ್ನೇ ಆಧಾರ ಮಾಡುತ್ತಾರೆ. ನನಗದು ಅನ್ಯಾಯವೆನಿಸುತ್ತದೆ. ಒಂದರ ಮೇಲೊಂದು ಬಂದ ಗಾಯಗಳ ಲೆಕ್ಕ ಯಾರಿಗೂ ನೆನಪಿಲ್ಲ, ಒಂದು ರಾತ್ರಿಯ ಕುಣಿತ ಮಾತ್ರ ನೆನಪಿದೆ! ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಅವನು ಆಡಿದ್ದು ಬರೀ 6 ಪಂದ್ಯ, 1979ರಿಂದ 1980ರವರೆಗೆ. ಮಡ್ರಿಡ್‌ಗೆ ಬೇಕಾದವನು ತಾಯ್ನಾಡಿಗೆ ಇಷ್ಟೇ ಸಾಕಾದ.

ಆಮೇಲೆ ಊರೂರು ಅಲೆದ. 1988ರ ಮೇ ತಿಂಗಳಲ್ಲಿ ಮತ್ತೆ ಲಂಡನ್: ವಿಂಬಲ್ಡನ್ ತಂಡದ ಬದಲಿ ಆಟಗಾರನಾಗಿ ವೆಂಬ್ಲಿಯಲ್ಲಿ ಇಳಿದ, ಲಿವರ್‌ಪೂಲ್ ಸೋತು ಎಫ್.ಎ. ಕಪ್ ಕೈಸೇರಿತು. ಮರುವರ್ಷ ಸ್ಪೇನಿನ ರಾಯೊ ವಯ್ಯೆಕಾನೊ ತಂಡ ಮೊದಲ ದರ್ಜೆಗೆ ಏರಲು ನೆರವಾದ. ಕೆಲವೇ ವಾರಗಳಲ್ಲಿ, 1989ರ ಜುಲೈ 15ರಂದು, ಮಡ್ರಿಡ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 33.

ಮುಂದಿನ ಜುಲೈನಲ್ಲಿ ವಿಶ್ವಕಪ್ ಸೆಮಿಫೈನಲ್ ಆಡಿದ ಇಂಗ್ಲೆಂಡ್ ತಂಡದಲ್ಲಿ ಪಾಲ್ ಪಾರ್ಕರ್, ಡೆಸ್ ವಾಕರ್ ಎಂಬ ಇಬ್ಬರು ಕಪ್ಪು ಆಟಗಾರರಿದ್ದರು. ಇಬ್ಬರೂ ಪೂರ್ವ ಲಂಡನ್ನಿನಲ್ಲಿ ಹುಟ್ಟಿದವರು. ಲಾರಿ ಲೇಟನ್‌ನಲ್ಲಿ ಆಡುತ್ತಿದ್ದಾಗ ಶಾಲೆಗೆ ಹೋಗುತ್ತಿದ್ದ ಹುಡುಗರು.