ಕತ್ತರಿಗೆ ಲೈಸೆನ್ಸು ಇದೆ, ಕೈಗಿಲ್ಲ

ಬೆಂಗಳೂರಿನಿಂದ ಊರಿಗೆ ಹೋದಾಗಲೆಲ್ಲ ನಾನು ತಪ್ಪಿಸದ ಕೆಲಸ ಒಂದಿದೆ. ಸಿಂಧನೂರಿನ ನಮ್ಮ ಓಣಿಯ ಕಟಿಂಗ್ ಶಾಪಿಗೆ ಹೋಗಿ ಕೂರೋದು. ಕಟಿಂಗು, ಶೇವಿಂಗು ಮುಗಿದ ಮೇಲೆ ತಲೆಗೆ ಒಂದಿಷ್ಟು ಎಣ್ಣೆ ಬೀಳುತ್ತೆ, ಹೆಗಲು ತಟ್ಟಿಸಿಕೊಳ್ಳುತ್ತೆ, ಆಮೇಲೆ ಮಾಮೂಲಿ ಪ್ರಶ್ನೆ: "ಯಣ್ಣಾ, ಕುತ್ತಿಗಿ ಲಟಿಕಿ ತಗೀಲೇನ್ರಿ?"

ಇಷ್ಟು ವರ್ಷ ಹೂಂ ಅಂತಿದ್ದವನು ಈ ಸಲ ಬ್ಯಾಡಪಾ ಅಂದೆ. 2024ರಲ್ಲಿ ಪಕ್ಕದ ಬಳ್ಳಾರಿಯಿಂದ ಬಂದ ಸುದ್ದಿ ತಲೆಯಲ್ಲಿತ್ತು. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿಕೊಂಡ ಯುವಕನೊಬ್ಬನಿಗೆ ರಕ್ತನಾಳ ಹರಿದು ಪಾರ್ಶ್ವವಾಯು ಹೊಡೆದಿತ್ತು. ಅದನ್ನು ಹೇಳಿದೆ. ಹುಡುಗ ನಕ್ಕ. "ನಮ್ಮಪ್ಪನ ಕಾಲದಿಂದ ತಗೀತೀವ್ರಿ, ಒಬ್ಬರಿಗೂ ಏನೂ ಆಗಿಲ್ಲ." ಕಲಿಸಿದವರು ಯಾರು ಅಂದೆ. "ಯಾರು ಕಲಿಸ್ತಾರ್ರಿ? ನೋಡಿ ಕಲಿತಿದ್ದು."

ಅವನ ಬೆನ್ನ ಹಿಂದಿನ ಗೋಡೆಯಲ್ಲಿ ನಗರಸಭೆಯ ಉದ್ದಿಮೆ ಪರವಾನಗಿ ಫ್ರೇಮಿನಲ್ಲಿ ತೂಗುತ್ತಿತ್ತು. ಅದು ಅಂಗಡಿಗೆ ಕೊಟ್ಟ ಕಾಗದ. ನನ್ನ ಕುತ್ತಿಗೆ ಹಿಡಿಯೋ ಕೈಗೆ ಯಾವ ಕಾಗದವೂ ಇಲ್ಲ. ಯಾಕೆ ಇಲ್ಲ ಅಂತ ಹುಡುಕುತ್ತಾ ಹೋದೆ. ಉತ್ತರ ತುಂಬಾ ಹಿಂದಕ್ಕೆ ಎಳೆದುಕೊಂಡು ಹೋಯಿತು.

ನಮ್ಮ ರಾಯಚೂರು ದೋಆಬು ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ಸೀಮೆ. ಆ ವಂಶದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳ ಪಟ್ಟಿಯಿದೆ. ಊಟ, ಬಟ್ಟೆ, ತಾಂಬೂಲದ ಜೊತೆಗೆ ಪಾದಾಭ್ಯಂಗಕ್ಕೆ, ಅಂದರೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳೋದಕ್ಕೆ, ಬೇರೆಯದೇ ಅಧ್ಯಾಯ. ಮಾಲೀಸಿಗೆ ಮಾನ ಇತ್ತು ಅನ್ನಿ. ಆದರೆ ಆ ಮಾನ ತಿಕ್ಕಿಸಿಕೊಂಡವನಿಗೆ, ತಿಕ್ಕಿದವನಿಗಲ್ಲ.

ಇನ್ನು ನಿಜಾಮರ ಕಾಲ. ಲಿಂಗಸುಗೂರು ಆಗ ಸಣ್ಣ ಊರಲ್ಲ. ಹೈದರಾಬಾದ್ ಕಂಟಿಂಜೆಂಟ್ ಪಡೆಯ ದಂಡು ಅಲ್ಲಿತ್ತು. 1905ರವರೆಗೆ ಅದು ಜಿಲ್ಲಾ ಕೇಂದ್ರ, ಆಮೇಲೆ ಜಿಲ್ಲೆಯನ್ನೇ ಒಡೆದು ಹಂಚಿದರು. ಸರ್ಕಾರಿ ವೈದ್ಯ ಏನಿದ್ದರೂ ಅಂಥ ಊರುಗಳಿಗೆ. ಹಳ್ಳಿಗಳಲ್ಲಿ ಗಾಯ ಕಟ್ಟೋದು, ಕುರು ಒಡೆಯೋದು, ಉಳುಕು ತೆಗೆಯೋದು ಹೆಚ್ಚಾಗಿ ಕ್ಷೌರಿಕರ ಮನೆಯ ಗಂಡಸರ ಕೆಲಸ. ಹೆರಿಗೆ ಮಾಡಿಸಿ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ಎರೆಯೋದು ಎಷ್ಟೋ ಕಡೆ ಅದೇ ಮನೆಯ ಹೆಂಗಸರ ಕೆಲಸ. ಕೂಲಿ ಅಂದರೆ ಸುಗ್ಗಿಯ ಕಾಳು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಏನಾಗುತ್ತಿತ್ತು ನೋಡಿ. 1894ರಲ್ಲಿ ಮಾಲೀಸಿನ ಹೆಸರಲ್ಲಿ ವೇಶ್ಯಾವಾಟಿಕೆ ನಡೀತಿದೆ ಅಂತ ಅಲ್ಲಿನ ವೈದ್ಯಕೀಯ ಪತ್ರಿಕೆ ಗುಲ್ಲೆಬ್ಬಿಸಿತು. ತಮ್ಮ ಕೆಲಸದ ಮರ್ಯಾದೆ ಉಳಿಸಿಕೊಳ್ಳಲು ನಾಲ್ವರು ನರ್ಸುಗಳು ಸೇರಿ ತರಬೇತಿ ಪಡೆದ ಮಾಲೀಸಿನವರ ಸಂಘ ಕಟ್ಟಿದರು, ಪರೀಕ್ಷೆ ಇಟ್ಟರು. ಇವತ್ತು ನಾವು ಫಿಸಿಯೋಥೆರಪಿ ಅನ್ನೋದರ ಬ್ರಿಟಿಷ್ ಸಂಘ ಬೆಳೆದದ್ದು ಅದರಿಂದಲೇ. ಪರೀಕ್ಷೆ ಪಾಸಾದ ಕೈ ಆಸ್ಪತ್ರೆಗೆ ಹೋಯಿತು, ಉಳಿದದ್ದು ಪೊಲೀಸರ ಕಣ್ಣಿಗೆ ಬಿತ್ತು.

ನಮ್ಮಲ್ಲೂ ಅದೇ ಕವಲು ಬಂತು, ಸ್ವಲ್ಪ ತಡವಾಗಿ. 1956ರಲ್ಲಿ ನಮ್ಮ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿತು. ಐದು ಆಡಳಿತಗಳ ಕಾನೂನು ಒಂದು ಮಾಡಬೇಕಿತ್ತು. ಹಾಗಾಗಿ 1961ರ ಹೆಸರು ಹೊತ್ತ ಕಾಯ್ದೆಗಳೇ ಒಂದು ಸಾಲು ಇವೆ. ಅಲೋಪಥಿ ವೈದ್ಯರ ನೋಂದಣಿಗೆ ಒಂದು. ಆಯುರ್ವೇದ, ಯುನಾನಿ, ಸಿದ್ಧ, ಪ್ರಕೃತಿ ಚಿಕಿತ್ಸೆಯವರಿಗೆ ಇನ್ನೊಂದು. ನರ್ಸು, ಸೂಲಗಿತ್ತಿಯರಿಗೆ ಮತ್ತೊಂದು, ಅದೂ ತರಬೇತಿ ಪಡೆದವರಿಗೆ. ಅಂಗಡಿಗಳಿಗೆ ಮಗದೊಂದು. ಓದಿದ ಕೈಗಳೆಲ್ಲ ಒಂದೊಂದು ರಿಜಿಸ್ಟರಿನಲ್ಲಿ ಕೂತವು. ನೋಡಿ ಕಲಿತ ಕೈ ಅಂಗಡಿಯ ಲೆಕ್ಕಕ್ಕೆ ಬಂತು. ಅಂಗಡಿ ಇಲ್ಲದ ಹೆಂಗಸಿನ ಕೈ ಯಾವ ಲೆಕ್ಕಕ್ಕೂ ಬರಲಿಲ್ಲ.

ಮುಂದಿನದು ನಿಮಗೇ ಗೊತ್ತು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಫಿಸಿಯೋಥೆರಪಿ ಕೇಂದ್ರಗಳನ್ನು ಒಳಗೆ ತಂದಿತು, 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಸ್ಟರಿಗೆ ರಾಷ್ಟ್ರಮಟ್ಟದ ಆಯೋಗ ಕೊಟ್ಟಿತು. ಬೆಂಗಳೂರಿನ ಸ್ಪಾಗಳು ಪೇಪರಿನಲ್ಲಿ ಬರೋದು ಮಾತ್ರ ಆರೋಗ್ಯದ ಪುಟದಲ್ಲಲ್ಲ, ರೇಡ್ ಆದಾಗ. ಅಲ್ಲಿ ಪೊಲೀಸರು ಹಿಡಿದು ಬರೋದು ಅನೈತಿಕ ವ್ಯವಹಾರ ತಡೆ ಕಾಯ್ದೆ. ಅದರ ಹುಟ್ಟು ವರ್ಷವೂ 1956!

ಬೇರೆ ದಾರಿಗಳೂ ಇದ್ದವು. ದಕ್ಷಿಣ ಕೊರಿಯಾದಲ್ಲಿ ಮಾಲೀಸಿನ ಲೈಸೆನ್ಸು ದೃಷ್ಟಿ ಇಲ್ಲದವರಿಗೆ ಮಾತ್ರ. ಅವರ ಅನ್ನದ ದಾರಿ ಅದು ಅಂತ ಅಲ್ಲಿನ ಸಾಂವಿಧಾನಿಕ ಕೋರ್ಟು 2008ರಲ್ಲಿ ಎತ್ತಿಹಿಡಿಯಿತು. ಅಂದರೆ ಲೈಸೆನ್ಸು ಅನ್ನೋದು ಯಾರನ್ನು ಹೊರಗಿಡಬೇಕು ಅನ್ನೋದರ ಜೊತೆಗೆ ಯಾರನ್ನು ಉಳಿಸಬೇಕು ಅನ್ನೋ ತೀರ್ಮಾನವೂ ಹೌದು.

ನಮ್ಮಲ್ಲಿ ಹಾಗೆ ಸ್ವಲ್ಪ ಯೋಚಿಸಿದ್ದು 2023ರ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಕ್ಷೌರಿಕರೂ ಇದ್ದಾರೆ. ಗುರುತಿನ ಚೀಟಿ, ಕೆಲವು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ. ಕುತ್ತಿಗೆ ಯಾಕೆ ತಿರುಗಿಸಬಾರದು ಅಂತ ಹೇಳಿಕೊಡೋಕೆ ಇದಕ್ಕಿಂತ ಒಳ್ಳೆ ಜಾಗ ಎಲ್ಲಿದೆ ಹೇಳಿ? ಆದರೆ ಆ 18ರಲ್ಲಿ ಎಣ್ಣೆ ತಿಕ್ಕೋ ಹೆಂಗಸಿಲ್ಲ.

ಆಕೆಯನ್ನು ನೋಡಿದ್ದು ಮರುದಿನ ಮಸ್ಕಿಯಲ್ಲಿ, ನಮ್ಮ ಅತ್ತೆಯ ಮನೆಯಲ್ಲಿ. ಮಸ್ಕಿ ಅಂದರೆ ಅಶೋಕನ ಹೆಸರು ಕೊರೆದ ಬಂಡೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನನಗೆ ಮಸ್ಕಿ ಅಂದರೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಕೂಸು ಬೋರಲು ಹಾಕಿಕೊಂಡು ಎರೆಯೋ ಆಯಿ. ನಮ್ಮ ಮನೆಯ ಮೂರು ತಲೆಮಾರು ಆಕೆಯ ಮೊಣಕಾಲ ಮೇಲೆ ಮಲಗಿದೆ. ಕೂಸಿನ ಕಿವಿಗೆ, ಮೂಗಿಗೆ ಎಣ್ಣೆ ಬಿಡಬ್ಯಾಡ್ರಿ ಅಂತ ಡಾಕ್ಟರು ಹೇಳಿದ್ದನ್ನು ಅತ್ತೆ ಒಮ್ಮೆ ಹೇಳಿದ್ದಕ್ಕೆ ಬಿಟ್ಟುಬಿಟ್ಟಳಂತೆ. ಕಲಿಯೋಕೆ ಆಕೆ ಒಲ್ಲೆ ಅನ್ನಲಿಲ್ಲ. ಸರ್ಕಾರದವರು ಯಾರೂ ಬಂದು ಹೇಳಿರಲಿಲ್ಲ, ಅಷ್ಟೇ.

ಕಟಿಂಗ್ ಶಾಪಿನವರಿಗೆ ಕಾರ್ಡು ಕೊಡೋ ವಿಷಯ ಹೇಳಿದೆ. ಕೂಸನ್ನು ಅರಿವೆಯಲ್ಲಿ ಸುತ್ತುತ್ತಾ ಕೇಳಿದಳು: "ನಮಗೂ ಕೊಡ್ತಾರೇನಪಾ?"

ಮುಂದೆ ಕೊಡಬಹುದು ಆಯಿ ಅಂದೆ.

"ಕೊಟ್ರ ಪರೀಕ್ಷಿ ಇಡಬ್ಯಾಡಂತ ಹೇಳು. ನನಗ ಓದಾಕ ಬರಂಗಿಲ್ಲ."

ಪರೀಕ್ಷೆ ಬೇಕು ಅಂತಲೇ ನಾನು ಈಗಲೂ ಹೇಳುತ್ತೇನೆ. ಬಳ್ಳಾರಿಯ ಆ ಹುಡುಗನ ಕುತ್ತಿಗೆ ನೆನೆದರೆ ಬೇಡ ಅನ್ನೋಕೆ ಆಗಲ್ಲ. ಆದರೆ 1961ರಲ್ಲಿ ಮಾಡಿದ ಹಾಗೆ ಕಾಗದದ ಮೇಲೆ ಮಾಡಿದರೆ ಆಕೆ ಮತ್ತೆ ಹೊರಗೇ ಉಳೀತಾಳೆ. ಆ ಪರೀಕ್ಷೆ ಮಾಡಬೇಕಾದದ್ದು ಬಚ್ಚಲಲ್ಲಿ, ಕೂಸು ಆಕೆಯ ಮೊಣಕಾಲ ಮೇಲಿರುವಾಗ.