ಚಳ್ಳಕೆರೆ–ಮೊಳಕಾಲ್ಮೂರು: ದೂರ ಮತ್ತು ಹಾರಾಟ

ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕು ಕೇಂದ್ರಗಳ ನಡುವಿನ ದೂರ ಅಳೆಯುವ ಬಗೆಯಂತೆ ಬದಲಾಗುತ್ತದೆ. ಅಕ್ಷಾಂಶ, ರೇಖಾಂಶ ಹಿಡಿದು ನೇರಗೆರೆ ಎಳೆದರೆ ಸುಮಾರು 46 ಕಿ.ಮೀ.; ತಳಕು, ಹಾನಗಲ್ ಹಾಯ್ದು ರಸ್ತೆಯಲ್ಲಿ ಹೋದರೆ ಐವತ್ತರ ಆಸುಪಾಸು. ನೇರಗೆರೆಯ ದೂರವನ್ನು ಪ್ರಯಾಣಿಕ ವಿಮಾನದ ವೇಗದಿಂದ ಭಾಗಿಸಿ, ಮೂರು ನಾಲ್ಕು ನಿಮಿಷದ ‘ಹಾರಾಟದ ಅವಧಿ’ ಎಂದು ಬರೆಯುವುದುಂಟು. ಎರಡೂ ಊರಿಗೆ ಪ್ರಯಾಣಿಕರ ವಿಮಾನ ನಿಲ್ದಾಣವಿಲ್ಲದ್ದರಿಂದ ಆ ಅಂಕಿಯನ್ನು ಪ್ರಯಾಣದ ಮಾಹಿತಿಯೆಂದು ಎಣಿಸುವಂತಿಲ್ಲ.

ಈ ಸೀಮೆಯ ಸಂಚಾರಕ್ಕೆ ಸಿಕ್ಕಿರುವ ಮೊದಲ ಬರಹ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನ. ಶಾಸನತಜ್ಞ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದದ್ದು 1892ರಲ್ಲಿ. ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಕ್ಷೇಮ ವಿಚಾರಿಸಿ ಕಳಿಸಿದ ಆಜ್ಞೆಯಿದು. ಸುವರ್ಣಗಿರಿ ಎಲ್ಲಿತ್ತೆಂಬುದು ಇನ್ನೂ ಇತ್ಯರ್ಥವಾಗಿಲ್ಲ: ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದು ಕೆಲವರು, ಕರ್ನೂಲು ಕಡೆಯ ಜೊನ್ನಗಿರಿ ಎಂದು ಕೆಲವರು. ಹೀಗಾಗಿ ಆ ಆಜ್ಞೆ ಕ್ರಮಿಸಿದ ದೂರವನ್ನು ಖಚಿತವಾಗಿ ಹೇಳಲಾಗದು. ಶಾಸನದಲ್ಲಿ ಬರುವ 256 ಎಂಬ ಅಂಕಿಯನ್ನು ವಿದ್ವಾಂಸ ಬ್ಯೂಲರ್ ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಓದಿದರು. ಅದು ರಾಜ ಸಂಚಾರದಲ್ಲಿ ಕಳೆದ ರಾತ್ರಿಗಳ ಎಣಿಕೆ ಎಂಬ ಓದು ಆಮೇಲೆ ನಿಂತಿತು. ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅಷ್ಟು ದೂರದ ಬರವಣಿಗೆ ಈ ಬಂಡೆಗೆ ಬಂದಿತ್ತೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಮುಂದಿನ ಶತಮಾನಗಳಲ್ಲಿ ವೇಗವೆಂದರೆ ಎತ್ತು. ಅಮೃತಮಹಲ್ ಎತ್ತುಗಳ ಬಲದಿಂದ ಹೈದರಾಲಿ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರ ಮುಟ್ಟಿದನೆಂದು ಹಳೆಯ ಬರಹಗಳು ಹೇಳುತ್ತವೆ. ಆ ತಳಿಯ ಮೇವಿಗೆ ಮೀಸಲಾದ ಕಾವಲುಗಳು ಚಳ್ಳಕೆರೆ ಸುತ್ತ ಉಳಿದುಬಂದವು. ರೈಲು, ಬಸ್ಸು, ಈಗಿನ ರಾಷ್ಟ್ರೀಯ ಹೆದ್ದಾರಿ 150ಎ ಬಂದ ಕತೆ ಬೇರೆ ತಾಲ್ಲೂಕುಗಳದ್ದರಂತೆಯೇ.

ನಿಜವಾದ ತಿರುವು 2010ರ ಆಸುಪಾಸಿನದು. ವರವು, ಖುದಾಪುರ, ದೊಡ್ಡ ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ದನ, ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದ ಹಳ್ಳಿಗಳಿಗೆ ಹುಲ್ಲುಗಾವಲು ಕೈತಪ್ಪಿತು. ತಕರಾರು ಹಸಿರು ನ್ಯಾಯಮಂಡಳಿ ಏರಿತು. ಹಾರಾಟದ ಚರಿತ್ರೆ ಬರೆಯುವವರು ಈ ನಷ್ಟವನ್ನು ಬಿಟ್ಟು ಬರೆಯಬಾರದು.

ಇಲ್ಲಿನ ವೈಮಾನಿಕ ಪರೀಕ್ಷಾ ವಲಯದಿಂದ ಚಾಲಕರಹಿತ ರುಸ್ತುಂ-2 ಮೊದಲು ಹಾರಿದ್ದು 2016ರ ನವೆಂಬರ್‌ನಲ್ಲಿ. ವಲಯದ ವಿಧ್ಯುಕ್ತ ಉದ್ಘಾಟನೆ ನಡೆದದ್ದು 2017ರ ಮೇ 28ರಂದು. ಎರಡು ದಿನಾಂಕಗಳನ್ನು ಬೆರೆಸಬಾರದು. 2019ರ ಸೆಪ್ಟೆಂಬರ್ 17ರಂದು ಅಂಥದೇ ಒಂದು ವಿಮಾನ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ಬೆಳಗ್ಗೆ 7.10ಕ್ಕೆ ಹೊತ್ತೊಯ್ದು, ಸಮುದ್ರಮಟ್ಟದಿಂದ 4.5 ಕಿ.ಮೀ. ಎತ್ತರದಲ್ಲಿ ಕೈಬಿಟ್ಟಿತು, 7.40ಕ್ಕೆ ಅದು ತಾನೇ ದಾರಿ ನೋಡಿಕೊಂಡು ರನ್‌ವೇಗೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನಷ್ಟು ಕಠಿಣ ಸ್ಥಿತಿಯಲ್ಲಿ ಪರೀಕ್ಷೆ ಮರುಕಳಿಸಿತು. ಕೊನೆಯದರಲ್ಲಿ ನೆಲ ಮುಟ್ಟುವಾಗಿನ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಅದೇ ವೇಗದಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ನೇರ ಹಾರಿದರೆ ಒಂಬತ್ತು ನಿಮಿಷ ಸಾಕು. ಪ್ರಯಾಣಿಕರು ಮಾತ್ರ ವಿಮಾನಕ್ಕೆ ತೋರಣಗಲ್ಲಿನ ವಿದ್ಯಾನಗರಕ್ಕೋ ಬೆಂಗಳೂರಿಗೋ ಹೋಗಬೇಕು.